ಮೆನ್ ಇನ್ ಬ್ಲ್ಯಾಕ್ ಎರಡನೇ ಭಾಗ: ಮೊದಲನೆಯದನ್ನು ನೋಡದವರೇ ಹೆಚ್ಚು ನಕ್ಕರೆ?

ರಾಜಾಜಿನಗರದ ನೋಡುಗ

ಕಳೆದ ಭಾನುವಾರ ಊಟವಾದ ಮೇಲೆ ನಾನು, ನನ್ನ ಹೆಂಡತಿ ಮತ್ತು ನಮ್ಮ ಮಾವನವರು ಕುಳಿತು 2002ರ ‘ಮೆನ್ ಇನ್ ಬ್ಲ್ಯಾಕ್’ ಎರಡನೇ ಭಾಗವನ್ನು ನೋಡಿದೆವು. ಮಗಳು ಶಾಲೆಯ ಪ್ರವಾಸಕ್ಕೆ ಹೋಗಿದ್ದಳು. ಗಂಡ ಹೆಂಡತಿ ಇಬ್ಬರಿಗೂ 1997ರ ಮೊದಲ ಭಾಗ ಹೆಚ್ಚುಕಡಿಮೆ ಬಾಯಿಪಾಠ. ಮಾವನವರು ಮಾತ್ರ ಅದನ್ನು ನೋಡಿಯೇ ಇಲ್ಲ. ಅಂದು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ನಕ್ಕವರು ಅವರು. ಈ ವಿಷಯ ನಾಲ್ಕು ದಿನಗಳಿಂದ ನನ್ನ ತಲೆಯಲ್ಲೇ ಸುತ್ತುತ್ತಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನೋಡದವರಿಗಾಗಿ ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಭೂಮಿಯ ಮೇಲೆ ಅನ್ಯಲೋಕದ ಜೀವಿಗಳು ಮನುಷ್ಯರ ವೇಷದಲ್ಲಿ ನೆಮ್ಮದಿಯಾಗಿ ಬದುಕುತ್ತಿದ್ದಾರೆ, ಅವರ ಮೇಲೆ ಕಣ್ಣಿಡಲು ನ್ಯೂಯಾರ್ಕಿನಲ್ಲಿ ಕಪ್ಪು ಸೂಟಿನ ಗುಪ್ತ ಇಲಾಖೆಯೊಂದಿದೆ. ಈ ಜೀವಿಗಳನ್ನು ಕಣ್ಣಾರೆ ಕಂಡ ಸಾಮಾನ್ಯ ಜನರ ಮುಂದೆ ಇಲಾಖೆಯವರು ಪೆನ್ನಿನ ಗಾತ್ರದ ಸಾಧನವೊಂದನ್ನು ಮಿಂಚಿಸಿದರೆ ಸಾಕು, ಕಂಡದ್ದೆಲ್ಲ ಮರೆತುಹೋಗುತ್ತದೆ. ಅದೇನು ಎಂದು ಮಾವನವರು ಕೇಳಿದಾಗ ‘ಮಂಕುಬೂದಿ ಎರಚಿದ ಹಾಗೆ’ ಎಂದೆ. ಅವರು ತಕ್ಷಣ ತಲೆಯಾಡಿಸಿದರು, ಮುಂದೆ ಆ ವಿಷಯದಲ್ಲಿ ಒಂದು ಪ್ರಶ್ನೆಯೂ ಬರಲಿಲ್ಲ.

ಮೊದಲ ಭಾಗದಲ್ಲಿ ವಿಲ್ ಸ್ಮಿತ್‌ನ ಪಾತ್ರ ಜೆ ಏನೂ ತಿಳಿಯದ ಪೊಲೀಸಿನವನು. ಟಾಮಿ ಲೀ ಜೋನ್ಸ್‌ನ ಕೆ ಅವನನ್ನು ಕೈಹಿಡಿದು ಒಳಗೆ ಕರೆದೊಯ್ಯುತ್ತಾನೆ. ಜೆ ಕಣ್ಣರಳಿಸಿದಾಗಲೆಲ್ಲ ನಾವೂ ಅರಳಿಸುತ್ತೇವೆ; ಅಲ್ಲಿನ ನಗುವೆಲ್ಲ ಆ ಬೆರಗಿನಿಂದಲೇ ಹುಟ್ಟಿದ್ದು. ಕೊನೆಯಲ್ಲಿ ದಣಿದ ಕೆ ತಾನಾಗಿಯೇ ಕೇಳಿಕೊಂಡು ತನ್ನ ನೆನಪನ್ನು ಅಳಿಸಿಸಿಕೊಂಡು ಸಾಮಾನ್ಯ ಬದುಕಿಗೆ ಮರಳುತ್ತಾನೆ. ಎರಡನೇ ಭಾಗ ಆರಂಭವಾಗುವ ಹೊತ್ತಿಗೆ ಜೆ ಪಳಗಿದ ಕೆಲಸಗಾರ, ಸುರಂಗ ರೈಲಿನ ಹಳಿಯಲ್ಲಿ ಬೃಹತ್ ಹುಳು ಬಾಯ್ತೆರೆದು ಬಂದರೂ ಅವನಿಗೆ ಅದು ದಿನನಿತ್ಯದ ತಲೆನೋವು. ಬೆರಗುಪಡುವವರು ಕಥೆಗೆ ಬೇಕಲ್ಲ! ಆದ್ದರಿಂದ ಮ್ಯಾಸಚೂಸೆಟ್ಸ್‌ನ ಟ್ರೂರೊ ಎಂಬ ಊರಿನಲ್ಲಿ ಅಂಚೆ ಕಚೇರಿ ನಡೆಸಿಕೊಂಡಿರುವ, ಹಿಂದಿನದೆಲ್ಲ ಮರೆತಿರುವ ಕೆಯನ್ನೇ ಹುಡುಕಿ ತರಲಾಗುತ್ತದೆ. ಶಿಷ್ಯ ಗುರುವಾಗುತ್ತಾನೆ, ಗುರು ಶಿಷ್ಯನಾಗುತ್ತಾನೆ. ಇದು ನಿಜಕ್ಕೂ ಒಳ್ಳೆಯ ಯೋಚನೆ.

ತೊಡಕಿರುವುದು ನೋಡುಗನ ಕಡೆಯಲ್ಲಿ. ಕೆ ಏನನ್ನು ಮರೆತಿದ್ದಾನೋ ಅದೆಲ್ಲ ನನಗೆ ನೆನಪಿದೆ. ಅವನು ಒಂದೊಂದನ್ನೇ ಕಂಡು ಕಕ್ಕಾಬಿಕ್ಕಿಯಾಗುವಾಗ ನಾನು ‘ಸರಿ, ಬೇಗ ನೆನಪಿಸಿಕೊ’ ಎಂದು ಕಾಯುತ್ತಿರುತ್ತೇನೆ. ಮಾವನವರಿಗೆ ಆ ಕಾಯುವಿಕೆಯೇ ಇರಲಿಲ್ಲ, ಏಕೆಂದರೆ ಅವರೂ ಕೆಯಷ್ಟೇ ಹೊಸಬರು. ಮಾತನಾಡುವ ಪಗ್ ನಾಯಿಯನ್ನು ಕಂಡು ಅವರು ನಕ್ಕ ರೀತಿಯಲ್ಲಿ ನಾನು 1997ರಲ್ಲಿ ನಕ್ಕಿದ್ದೆ.

ಇನ್ನೊಂದು ದೃಶ್ಯವನ್ನು ಹೇಳಲೇಬೇಕು. ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಲಾಕರ್ ಒಂದನ್ನು ತೆರೆದರೆ ಒಳಗೆ ಬೆರಳುದ್ದದ ಜೀವಿಗಳ ಇಡೀ ಪಟ್ಟಣವೇ ಇರುತ್ತದೆ. ಕೆ ಹಿಂದೆಂದೋ ಅಲ್ಲಿ ಬಿಟ್ಟುಹೋದ ಕೈಗಡಿಯಾರ ಅವರ ಪಾಲಿಗೆ ಊರ ನಡುವಿನ ಗಡಿಯಾರ ಗೋಪುರ. ಕೆ ಅವರಿಗೆ ದೇವರು. ಮಾವನವರು ಜಾಲಹಳ್ಳಿಯ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ದುಡಿದವರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಶುರುವಾದ ಘಟಕ ಅದು. ಇಂದಿಗೂ ಬೆಳಗಿನ ಕಾಫಿ ಆದ ಮೇಲೆ ತಮ್ಮ ಹಳೆಯ ‘ಜನತಾ’ಕ್ಕೆ ಕೀಲಿ ಕೊಡುತ್ತಾರೆ. ಕೆ ಆ ಗಡಿಯಾರವನ್ನು ಎತ್ತಿಕೊಂಡು ಕಟ್ಟಿಕೊಂಡಾಗ ಆ ಪುಟ್ಟ ಜನ ಗೋಳಾಡಿದರು. ನಾವಿಬ್ಬರೂ ನಕ್ಕೆವು. ಮಾವನವರು ಆ ಒಂದು ಕಡೆ ಮಾತ್ರ ನಗಲಿಲ್ಲ. ‘ಅಷ್ಟು ಜನ ಅದನ್ನೇ ನೋಡಿಕೊಂಡು ಬದುಕ್ತಿದ್ರಲ್ಲ’ ಎಂದರು.

ಹಾಗಾದರೆ ಹಾಸ್ಯಚಿತ್ರದ ಎರಡನೇ ಭಾಗಕ್ಕೆ ಸರಿಯಾದ ನೋಡುಗ ಯಾರು? ಮೊದಲನೆಯದನ್ನು ಪ್ರೀತಿಸಿದ ನಾವೋ, ಅದರ ಗಂಧಗಾಳಿ ಇಲ್ಲದವರೋ? ನಿಮ್ಮ ಅನುಭವವನ್ನು ದಯವಿಟ್ಟು ಬರೆಯಿರಿ.

ಬೆಳ್ಳಿತೆರೆ

ತಮ್ಮ ಬರಹ ಚೆನ್ನಾಗಿದೆ, ಆದರೆ ತಪ್ಪನ್ನು ನೋಡುಗನ ನೆನಪಿನ ಮೇಲೆ ಹೊರಿಸುವುದನ್ನು ನಾನು ಒಪ್ಪುವುದಿಲ್ಲ. 2002ರಲ್ಲಿ ನಾನು ಕಾಲೇಜಿನಲ್ಲಿದ್ದೆ, ಎಂ.ಜಿ. ರಸ್ತೆಯ ಕಡೆಯ ಚಿತ್ರಮಂದಿರವೊಂದರಲ್ಲಿ ಗೆಳೆಯರೊಂದಿಗೆ ಬಾಲ್ಕನಿಯಲ್ಲಿ ಕುಳಿತು ಇದನ್ನು ನೋಡಿದೆ. ಮೊದಲ ಭಾಗವನ್ನು ನೋಡಿರದ ಇಬ್ಬರು ನಮ್ಮ ಜೊತೆಗಿದ್ದರು. ಅವರೂ ಸಪ್ಪೆ ಮುಖ ಹೊತ್ತೇ ಹೊರಬಂದರು.

ಕೊರತೆ ಇರುವುದು ಕಸುಬಿನಲ್ಲಿ. ಮೊದಲ ಭಾಗದ ಖಳನನ್ನು ನೆನಪಿಸಿಕೊಳ್ಳಿ: ರೈತನೊಬ್ಬನನ್ನು ಕೊಂದು ಅವನ ಚರ್ಮವನ್ನೇ ಅಂಗಿಯಂತೆ ತೊಟ್ಟ ದೈತ್ಯ ಕೀಟ. ಆ ಚರ್ಮ ಅವನಿಗೆ ಹೊಂದುವುದಿಲ್ಲ. ಕುತ್ತಿಗೆ ಜೋಲುತ್ತದೆ, ಕಾಲು ಒಂದು ಕಡೆ ಹೋದರೆ ಸೊಂಟ ಇನ್ನೊಂದು ಕಡೆ ಹೋಗುತ್ತದೆ, ಸಕ್ಕರೆ ನೀರು ಕೇಳುವಾಗಲೂ ದವಡೆ ಮಾತು ಕೇಳುವುದಿಲ್ಲ. ನಟ ವಿನ್ಸೆಂಟ್ ಡಿ’ಒನೊಫ್ರಿಯೊ ಹೆಜ್ಜೆ ಹಾಕಿದರೆ ಸಾಕು, ಒಂದೂ ಮಾತಿಲ್ಲದೆ ನಗುವೂ ಬರುತ್ತದೆ, ಅಸಹ್ಯವೂ ಆಗುತ್ತದೆ. ಆ ಚಿತ್ರದ ಪ್ರಸಾಧನಕ್ಕೆ ರಿಕ್ ಬೇಕರ್ ಮತ್ತು ಡೇವಿಡ್ ಲೀರಾಯ್ ಆಂಡರ್ಸನ್ ಅವರಿಗೆ ಆಸ್ಕರ್ ಬಂದದ್ದು ಸುಮ್ಮನೆ ಅಲ್ಲ. ಎರಡನೇ ಭಾಗದ ಖಳನಾಯಕಿ ಸರ್ಲೀನಾ ಭೂಮಿಗಿಳಿದು ಒಳಉಡುಪಿನ ಜಾಹೀರಾತೊಂದನ್ನು ನೋಡಿ ಆ ರೂಪದರ್ಶಿಯ ದೇಹವನ್ನೇ ತಾಳುತ್ತಾಳೆ. ಆ ದೇಹ ಅವಳಿಗೆ ಅಚ್ಚುಕಟ್ಟಾಗಿ ಹೊಂದಿಬಿಡುತ್ತದೆ. ಹೊಂದಿಬಿಟ್ಟ ಮೇಲೆ ನಗುವುದಕ್ಕೆ ಏನು ಉಳಿಯಿತು?

ಒಟ್ಟು 88 ನಿಮಿಷಗಳ ಚಿತ್ರ, ಮೊದಲನೆಯದಕ್ಕಿಂತ ಹತ್ತು ನಿಮಿಷ ಕಡಿಮೆ. ನ್ಯೂಯಾರ್ಕಿನ ಅವಳಿ ಗೋಪುರಗಳ ಬಳಿ ನಡೆಯಬೇಕಿದ್ದ ಕೊನೆಯ ಭಾಗವನ್ನು 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಬದಲಾಯಿಸಬೇಕಾಯಿತು ಎಂಬುದೂ ನಿಜ, ಅದಕ್ಕಾಗಿ ಯಾರನ್ನೂ ದೂರಲಾಗದು. ಆದರೂ ಕೊನೆಯ ಇಪ್ಪತ್ತು ನಿಮಿಷಗಳ ಅವಸರ ಕಣ್ಣಿಗೆ ರಾಚುತ್ತದೆ.

ಅಂಚೆ ನಿವೃತ್ತ

ನಾನು ಸಿನಿಮಾ ಬಲ್ಲವನಲ್ಲ. ಬೆಂಗಳೂರಿನಲ್ಲಿ ಮೂವತ್ತೊಂದು ವರ್ಷ ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿದವನು. ಈ ಚಿತ್ರವನ್ನು ಮೊಮ್ಮಗನ ಜೊತೆಯಲ್ಲಿ ನೋಡಿದ್ದೇನೆ. ಟ್ರೂರೊ ಅಂಚೆ ಕಚೇರಿಯ ದೃಶ್ಯದ ಬಗ್ಗೆ ಯಾರಾದರೂ ಬರೆಯಬೇಕೆಂದು ಕಾಯುತ್ತಿದ್ದೆ, ಯಾರೂ ಬರೆಯದ ಕಾರಣ ನಾನೇ ಬರೆಯುತ್ತೇನೆ.

ಜೆ ಅಲ್ಲಿಗೆ ಹೋಗಿ, ‘ನೀನು ನಂಬುವುದಿಲ್ಲವಾದರೆ ನಿನ್ನ ಸುತ್ತ ಕೆಲಸ ಮಾಡುತ್ತಿರುವವರನ್ನೇ ನೋಡು’ ಎನ್ನುವ ಅರ್ಥದಲ್ಲಿ ಒಬ್ಬೊಬ್ಬರ ವೇಷವನ್ನೂ ಬಯಲು ಮಾಡುತ್ತಾನೆ. ಕಾಗದ ವಿಂಗಡಿಸುವವನಿಗೆ ನೋಡಿದರೆ ಹಲವು ಕೈಗಳು! ಮೊಮ್ಮಗ ಬಿದ್ದು ಬಿದ್ದು ನಕ್ಕ. ನನಗೆ ನಗುವಿನ ಜೊತೆಗೆ ಇನ್ನೇನೋ ಆಯಿತು.

ಸಾರ್ಟಿಂಗ್ ಕೇಸಿನ, ಅಂದರೆ ಕಾಗದ ವಿಂಗಡಿಸುವ ಗೂಡುಗಳ ಕಪಾಟಿನ, ಮುಂದೆ ನಿಂತವನ ಕೈಯನ್ನು ನೀವು ಹತ್ತಿರದಿಂದ ನೋಡಿದ್ದೀರೋ ಇಲ್ಲವೋ ತಿಳಿಯದು. ಎಡಗೈಯಲ್ಲಿ ಕಾಗದಗಳ ಕಟ್ಟು, ಹೆಬ್ಬೆರಳು ಒಂದೊಂದನ್ನೇ ಮುಂದಕ್ಕೆ ಸರಿಸುತ್ತಿರುತ್ತದೆ, ಬಲಗೈ ಅದನ್ನು ಗೂಡಿಗೆ ಎಸೆಯುತ್ತಿರುತ್ತದೆ. 1972ರಲ್ಲಿ ಪಿನ್ ಕೋಡ್ ಬಂದ ಮೇಲೂ ಎಷ್ಟೋ ಜನ ಅದನ್ನು ಬರೆಯುತ್ತಿರಲಿಲ್ಲ. ‘ರಾಮಮಂದಿರದ ಹಿಂಭಾಗ, ರಾಜಾಜಿನಗರ’ ಎಂದಷ್ಟೇ ಇದ್ದರೂ ಕಣ್ಣು ಓದಿ ಮುಗಿಸುವ ಮೊದಲೇ ಕೈ 560010ರ ಗೂಡಿಗೆ ಹೋಗಿರುತ್ತಿತ್ತು. ನಿವೃತ್ತನಾಗಿ ಎಂಟು ವರ್ಷಗಳ ನಂತರ ಹಳೆಯ ಸಹೋದ್ಯೋಗಿಯೊಬ್ಬರನ್ನು ನೋಡಲು ಕಚೇರಿಗೆ ಹೋಗಿದ್ದೆ. ಯಾವ ಬೀಟ್‌ಗೆ (ಒಬ್ಬ ಅಂಚೆಯವನು ಕಾಗದ ಹಂಚುವ ಪ್ರದೇಶಕ್ಕೆ) ಯಾವ ಗೂಡು ಎಂದು ಕೇಳಿದ್ದರೆ ಒಂದನ್ನೂ ಹೇಳುತ್ತಿರಲಿಲ್ಲ. ಅವರು ಒಂದು ಕಟ್ಟು ಕೈಗೆ ಕೊಟ್ಟರು. ಆರೇಳು ಕಾಗದಗಳಾದ ಮೇಲೆ ಕೈ ತಾನಾಗಿಯೇ ಓಡಿತು.

ಕೆಯ ನೆನಪನ್ನು ಅಳಿಸಿದ್ದರು, ಒಪ್ಪೋಣ. ಆದರೂ ಅವನು ಹೋಗಿ ನೆಲೆಸಿದ್ದು ಅನ್ಯಲೋಕದವರ ನಡುವೆಯೇ. ಅಂಚೆ ಕಚೇರಿಯಲ್ಲಿಯೂ ಅವನದು ಅದೇ ಬಿಗಿ ಮುಖ, ಅದೇ ಶಿಸ್ತು, ಕೆಲಸದವರ ಮೇಲೆ ಅದೇ ಹದ್ದಿನ ಕಣ್ಣು. ತಲೆ ಮರೆತದ್ದನ್ನು ಮೈ ಮರೆತಿರಲಿಲ್ಲ. ನೋಡುಗರೇ, ಮೊದಲ ಭಾಗವನ್ನು ನೋಡಿದವರಿಗೆ ಮಾತ್ರ ಕಾಣುವ ಸಂಗತಿ ಇದು. ನಿಮ್ಮ ಮಾವನವರಿಗೆ ಅವನು ಒಬ್ಬ ಗಂಟುಮುಖದ ಪೋಸ್ಟ್‌ಮಾಸ್ಟರ್ ಅಷ್ಟೇ ಆಗಿ ಕಂಡಿರುತ್ತಾನೆ.

ರಾಜಾಜಿನಗರದ ನೋಡುಗ

ಅಂಚೆ ನಿವೃತ್ತರೇ, ನಮಸ್ಕಾರ. ತಾವು ಹೇಳಿದ್ದನ್ನು ಓದಿ ಆ ಹತ್ತು ನಿಮಿಷಗಳನ್ನು ಮತ್ತೆ ಹಾಕಿ ನೋಡಿದೆ. ಅವನು ಕೌಂಟರಿನ ಹಿಂದೆ ನಿಂತ ಭಂಗಿಯನ್ನೇ ನಾನು ಗಮನಿಸಿರಲಿಲ್ಲ. ನನ್ನ ವಾದದಲ್ಲಿ ಒಂದು ಕಡೆ ತೂತು ಬಿದ್ದಿದೆ ಎಂದು ಒಪ್ಪಿಕೊಳ್ಳುತ್ತೇನೆ. ಬೆಳ್ಳಿತೆರೆಯವರು ಖಳನ ದೇಹದ ಬಗ್ಗೆ ಹೇಳಿದ್ದೂ ಸರಿ.

ಅಡಿಬರಹದ ಕೆಲಸದವಳು

ನಾನು ಹತ್ತು ವರ್ಷಗಳಿಂದ ಬಸವನಗುಡಿಯ ಮನೆಯಲ್ಲೇ ಕುಳಿತು ಚಿತ್ರಗಳಿಗೆ ಕನ್ನಡ ಅಡಿಬರಹ ಬರೆಯುತ್ತೇನೆ. ನೋಡುಗರ ಮಾವನವರು ಮೊದಲ ಭಾಗವನ್ನು ಏಕೆ ನೋಡಿರಲಿಲ್ಲ ಎಂಬ ಪ್ರಶ್ನೆಗೆ ಭಾಷೆಯೂ ಒಂದು ಕಾರಣವಾಗಿರಬಹುದೆಂದು ನನಗೆ ತೋರುತ್ತದೆ. ಕನ್ನಡ ಚಿತ್ರರಂಗದಲ್ಲಿ ದಶಕಗಳ ಕಾಲ ಡಬ್ಬಿಂಗ್‌ಗೆ ಬಲವಾದ ವಿರೋಧವಿತ್ತು. ನಮ್ಮ ತಾಯಿ ತಂದೆಯರ ತಲೆಮಾರಿಗೆ ಇಂತಹ ಚಿತ್ರಗಳು ಇಂಗ್ಲಿಷಿನಲ್ಲಿ ಸಿಕ್ಕರೆ ಸಿಕ್ಕವು, ಇಲ್ಲದಿದ್ದರೆ ಇಲ್ಲ. ಆ ವಿರೋಧಕ್ಕೆ ಅದರದೇ ಆದ ಕಾರಣಗಳಿದ್ದವು, ಆ ಚರ್ಚೆಗೆ ಇಲ್ಲಿ ಹೋಗುವುದಿಲ್ಲ.

ನಾನು ಹೇಳಬೇಕಾದದ್ದು ಒಂದೇ ಒಂದು ಪದದ ಬಗ್ಗೆ. ಈ ಸರಣಿಯ ಹಾಸ್ಯವೆಲ್ಲ ‘ಏಲಿಯನ್’ ಎಂಬ ಪದದ ಮೇಲೆ ನಿಂತಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಎರಡು ಅರ್ಥ: ಬೇರೆ ಗ್ರಹದ ಜೀವಿ, ಬೇರೆ ದೇಶದ ಪ್ರಜೆ. ಅಮೆರಿಕದ ವಲಸೆ ಕಾನೂನಿನಲ್ಲಿಯೇ ಎರಡನೆಯ ಅರ್ಥದಲ್ಲಿ ಈ ಪದವಿದೆ. ಮೊದಲ ಭಾಗ ಆರಂಭವಾಗುವುದೂ ಮೆಕ್ಸಿಕೊ ಗಡಿಯಲ್ಲಿ. ಗಡಿ ದಾಟಿ ಬಂದ ವಲಸಿಗರ ವ್ಯಾನನ್ನು ಅಧಿಕಾರಿಗಳು ತಡೆಯುತ್ತಾರೆ, ಅದರಲ್ಲಿ ಒಬ್ಬ ನಿಜವಾಗಿಯೂ ಬೇರೆ ಗ್ರಹದವನು. ಇಡೀ ಇಲಾಖೆ ಒಂದು ವಿಚಿತ್ರವಾದ ವಲಸೆ ಕಚೇರಿಯಂತೆ ಕೆಲಸ ಮಾಡುತ್ತದೆ.

ಕನ್ನಡದಲ್ಲಿ ಇದನ್ನು ಹೇಗೆ ತರುವುದು? ‘ಅನ್ಯಗ್ರಹ ಜೀವಿ’ ಎಂದರೆ ಪಠ್ಯಪುಸ್ತಕದ ವಾಸನೆ ಹೊಡೆಯುತ್ತದೆ, ನಗು ಅಲ್ಲೇ ಸತ್ತುಹೋಗುತ್ತದೆ. ‘ಪರಲೋಕದವರು’ ಎಂದರೆ ಸತ್ತವರು ಎಂದಾಗುತ್ತದೆ. ‘ಪರದೇಶಿ’ಯನ್ನು ಬಹಳ ದಿನ ಕೈಯಲ್ಲಿ ಹಿಡಿದುಕೊಂಡು ನೋಡಿದೆ. ಹೊರನಾಡಿನವನು ಎಂಬ ಅರ್ಥವೂ ಅದಕ್ಕಿದೆ; ಜೊತೆಗೆ ನಮ್ಮ ಅಜ್ಜಿ ತಾಯಿಯಿಲ್ಲದ ಮಗುವನ್ನು ‘ಪರದೇಶಿ ಕೂಸು’ ಎನ್ನುತ್ತಿದ್ದರು, ಆ ಅರ್ಥವೂ ಇದೆ. ಸೊಗಸಾದ ಪದ, ಆದರೆ ಅದರಲ್ಲಿ ಕರುಣೆ ಹೆಚ್ಚು. ಕೊನೆಗೆ ನಾನು ನನ್ನ ಅಭ್ಯಾಸಕ್ಕೆಂದು ಬರೆದುಕೊಂಡ ಪ್ರತಿಯಲ್ಲಿ ಇಟ್ಟ ಪದ ‘ಹೊರಗಿನವರು’. ಬೆಂಗಳೂರಿನಲ್ಲಿ ಈ ಪದ ಕೇಳದೆ ಒಂದು ದಿನ ಕಳೆಯುವುದಿಲ್ಲ. ಆಟೊದಲ್ಲಿ, ಹಾಲಿನ ಬೂತಿನ ಮುಂದೆ, ಅಪಾರ್ಟ್‌ಮೆಂಟಿನ ಸಭೆಯಲ್ಲಿ ಅದನ್ನು ಹೇಳುವಾಗ ದನಿ ಗಡುಸಾಗುತ್ತದೆ. ಈ ಚಿತ್ರಗಳಲ್ಲಿ ಹೊರಗಿನವರು ಕಾಗದ ವಿಂಗಡಿಸುತ್ತಾರೆ, ಅಂಗಡಿ ನಡೆಸುತ್ತಾರೆ, ಮಕ್ಕಳನ್ನು ಹೆರುತ್ತಾರೆ. ಆ ಗಡುಸು ದನಿ ಅಲ್ಲಿ ಇಲ್ಲವೆಂಬುದೇ ನನಗೆ ಇವುಗಳ ಮೇಲಿರುವ ಪ್ರೀತಿಗೆ ಮೂಲ.

ಎರಡನೇ ಭಾಗದ ಮೇಲೆ ನನಗಿರುವ ಬೇಸರವೂ ಇದೇ. ಅಂಚೆ ಕಚೇರಿಯ ಆ ಒಂದು ದೃಶ್ಯದಲ್ಲಿ ಈ ಎಳೆ ಜೀವ ತಳೆದು, ಮುಂದೆ ರಾಜಕುಮಾರಿ, ಕಂಕಣ, ಬೆಳಕು ಎಂಬ ಹುಡುಕಾಟದಲ್ಲಿ ಕಳೆದುಹೋಗುತ್ತದೆ.

ಗೌರಿಬಿದನೂರು ದಾರಿ

ಲಾಕರಿನ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಮೂಲ ಪ್ರಶ್ನೆಗೆ ಅಲ್ಲಿ ಉತ್ತರವಿದೆ ಎಂದು ನನ್ನ ನಂಬಿಕೆ.

ಮೊದಲ ಭಾಗದ ಕೊನೆಯಲ್ಲಿ ಕ್ಯಾಮೆರಾ ಮೇಲೇರುತ್ತ ಏರುತ್ತ ನ್ಯೂಯಾರ್ಕ್, ಭೂಮಿ, ಸೌರಮಂಡಲ, ಕೊನೆಗೆ ನಮ್ಮ ಗ್ಯಾಲಕ್ಸಿಯನ್ನೂ ದಾಟಿ ಹೋಗುತ್ತದೆ. ನಮ್ಮ ಗ್ಯಾಲಕ್ಸಿಯೆಂಬುದು ಯಾವುದೋ ಜೀವಿ ಆಡುತ್ತಿರುವ ಗೋಲಿಯೊಳಗಿದೆ. ಎರಡನೇ ಭಾಗದ ಕೊನೆಯಲ್ಲಿ ಆ ಲಾಕರ್ ಜನರ ಬಗ್ಗೆ ಜೆ ಮರುಗುತ್ತಾನೆ. ಆಗ ಕೆ ಎದುರಿನ ಬಾಗಿಲೊಂದನ್ನು ಒದ್ದು ತೆರೆಯುತ್ತಾನೆ. ಹೊರಗೆ ನೋಡಿದರೆ ದೈತ್ಯ ಜೀವಿಗಳ ನಿಲ್ದಾಣ. ನಮ್ಮ ಪ್ರಪಂಚವೂ ಅಲ್ಲಿನ ಒಂದು ಲಾಕರ್. ಅದೇ ಹಾಸ್ಯವನ್ನು ಮತ್ತೊಮ್ಮೆ ಬಡಿಸಿದರು ಎಂದು ಹಲವರು ಮೂಗು ಮುರಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಗೋಲಿಯನ್ನು ಕಂಡವರು ಪ್ರೇಕ್ಷಕರು ಮಾತ್ರ. ಜೆ ಕೆ ಇಬ್ಬರಿಗೂ ಅದರ ಸುಳಿವಿಲ್ಲ. ಐದು ವರ್ಷ ನಮಗೊಬ್ಬರಿಗೇ ಗೊತ್ತಿದ್ದ ಸಂಗತಿ ಬಾಗಿಲು ತೆರೆದಾಗ ಜೆಗೂ ಗೊತ್ತಾಗುತ್ತದೆ. ಹಿಂದಿನದು ನೆನಪಿರುವವನಿಗೆಂದೇ ಇಟ್ಟ ದೃಶ್ಯ ಅದು. ನೋಡುಗರ ಮಾವನವರು ಅಲ್ಲಿ ನಕ್ಕಿರಬಹುದು, ಆದರೆ ಅವರಿಗೆ ಸಿಕ್ಕಿದ್ದು ಅರ್ಧ.

ಹವ್ಯಾಸಿ ಆಕಾಶ ವೀಕ್ಷಕನಾಗಿ ಇನ್ನೊಂದು ಮಾತು. ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು ನೂರು ಕಿಲೋಮೀಟರ್ ಹೋದರೆ ಗೌರಿಬಿದನೂರಿನ ಬಳಿ ರೇಡಿಯೊ ದೂರದರ್ಶಕದ ಕ್ಷೇತ್ರವಿದೆ. ಇಂಗ್ಲಿಷಿನ ಟಿ ಅಕ್ಷರದಂತೆ ನೆಲದ ಮೇಲೆ ಹರಡಿಕೊಂಡ ಆಂಟೆನಾಗಳ ಸಾಲು 34.5 ಮೆಗಾಹರ್ಟ್ಸ್ ಆವರ್ತನದಲ್ಲಿ ಆಕಾಶಕ್ಕೆ ಕಿವಿಗೊಟ್ಟಿತ್ತು. ದೂರದಿಂದ ನೋಡಿದರೆ ಬಟ್ಟೆ ಒಣಹಾಕುವ ಕಂಬ ತಂತಿಗಳಂತೆ ಕಾಣುತ್ತದೆ. ಪಕ್ಕದಲ್ಲಿ ಹೊಲ, ಮೇಯುವ ದನ. ಮೊದಲ ಬಾರಿ ಅದನ್ನು ಕಂಡಾಗ ಈ ಚಿತ್ರಗಳ ಇಲಾಖೆಯ ಕಚೇರಿ ನೆನಪಾಯಿತು, ಏಕೆಂದರೆ ಅದೂ ಸುರಂಗದ ಗಾಳಿ ಹೊರಹಾಕುವ ಒಂದು ಸಾಧಾರಣ ಕಟ್ಟಡದೊಳಗಿದೆ. 1977ರಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳಲ್ಲಿರುವ ಚಿನ್ನದ ಲೇಪದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯವಿದೆ. ಅದರಲ್ಲಿ ಕನ್ನಡವೂ ಒಂದು. ಕನ್ನಡಿಗರ ಪರವಾಗಿ ಶುಭಾಶಯ ಎಂದು ಒಂದು ದನಿ ಹೇಳುತ್ತದೆ. 2012ರಲ್ಲಿ ಒಂದನೇ ವಾಯೇಜರ್ ಸೂರ್ಯನ ಗಾಳಿಯ ಎಲ್ಲೆಯನ್ನೂ ದಾಟಿತು. ಯಾವುದಾದರೂ ಲಾಕರಿನ ಬಾಗಿಲು ತೆರೆದು ಯಾರಾದರೂ ಅದನ್ನು ಕೇಳಿಸಿಕೊಂಡರೆ, ಅವರ ಕಿವಿಗೆ ನಮ್ಮ ಮಾತು ಬೀಳುವ ಸಾಧ್ಯತೆ ಇದೆ ಎಂದು ನೆನೆದಾಗಲೆಲ್ಲ ನನ್ನ ಮೈ ನವಿರೇಳುತ್ತದೆ.

ಜಯನಗರದಿಂದ

ಎಲ್ಲರ ಬರಹಗಳನ್ನೂ ಓದಿದೆ. ಮರೆವನ್ನು ನಗುವಿನ ವಸ್ತುವಾಗಿ ನೋಡಲು ನನಗೆ ಈಗ ಆಗುತ್ತಿಲ್ಲ, ಅದನ್ನಷ್ಟು ಹೇಳಿ ಹೋಗುತ್ತೇನೆ.

ಮೂರು ವರ್ಷಗಳಿಂದ ನಮ್ಮ ಅಮ್ಮನಿಗೆ ಮರೆವಿನ ಕಾಯಿಲೆ. ನೆನಪು ಮರಳಿಸಲೆಂದು ಕೆಯನ್ನು ಕುರ್ಚಿಗೆ ಬಿಗಿದು ಕೂರಿಸಿ ಯಂತ್ರವನ್ನು ಓಡಿಸುವ ದೃಶ್ಯ ಬಂದಾಗ ಎದ್ದು ಅಡುಗೆಮನೆಗೆ ಹೋದೆ. ಅದೇ ಚಿತ್ರದಲ್ಲಿ ಇನ್ನೊಂದು ಗಳಿಗೆ ಇದೆ. ಐದು ವರ್ಷಗಳ ನಂತರ ಗೆಳೆಯನನ್ನು ಕಂಡ ಸಂತೋಷದಲ್ಲಿ ಜೆ ಮಾತನಾಡುತ್ತಾನೆ. ಕೆ ಅವನನ್ನು ಸ್ಟಾಂಪು ಕೊಳ್ಳಲು ಬಂದ ಗಿರಾಕಿಯನ್ನು ನೋಡಿದಂತೆ ನೋಡುತ್ತಾನೆ. ಮರ್ಯಾದೆಯಿದೆ, ಪರಿಚಯವಿಲ್ಲ. ಬೆಳಿಗ್ಗೆ ತಿಂಡಿಯ ತಟ್ಟೆಯನ್ನು ಮುಂದಿಟ್ಟಾಗ ಅಮ್ಮ ನನ್ನನ್ನು ಹಾಗೆಯೇ ನೋಡಿ, ‘ನಿಮ್ಮದು ಆಯ್ತಾ?’ ಎಂದು ಬಹುವಚನದಲ್ಲಿ ಕೇಳುತ್ತಾರೆ.

ಜೆ ಒಂದು ಕಡೆ ನಿಯಮ ಮುರಿಯುತ್ತಾನೆ. ಕೊಲೆಯನ್ನು ಕಣ್ಣಾರೆ ಕಂಡ ಲಾರಾಳ ನೆನಪನ್ನು ಅವನು ಅಳಿಸಲೇಬೇಕಿತ್ತು, ಅಳಿಸುವುದಿಲ್ಲ. ಈ ಇಲಾಖೆ ದಿನವೂ ಎಷ್ಟೋ ಜನರಿಂದ ಏನನ್ನು ಕಿತ್ತುಕೊಳ್ಳುತ್ತಿದೆ ಎಂಬ ಅರಿವು ಚಿತ್ರಕ್ಕೆ ಅಲ್ಲಿ ಒಂದು ಕ್ಷಣ ಮೂಡಿದಂತಿದೆ. ಲಾರಾಳಿಗೆ ದುಃಖವಾದಾಗಲೆಲ್ಲ ಮಳೆ ಬರುತ್ತದೆ ಎಂಬುದನ್ನೂ ಹಾಗೆಯೇ ಬಹಳ ಮೃದುವಾಗಿ ಇಟ್ಟಿದ್ದಾರೆ. 2012ರ ಮೂರನೇ ಭಾಗದ ಕೊನೆಯಲ್ಲಿ, ಬಾಲಕ ಜೆಯ ನೆನಪನ್ನೇ ಕೆ ಅಳಿಸಿದ್ದನೆಂದು ತಿಳಿದಾಗ ನನಗೆ ಅನಿಸಿತು: ಈ ಕಥೆಗಾರರಿಗೆ ಅದು ಬರಿಯ ತಮಾಷೆಯ ಸಾಧನವಾಗಿ ಉಳಿದಿರಲಿಲ್ಲ.

ರಾಜಾಜಿನಗರದ ನೋಡುಗ

ಜಯನಗರದವರೇ, ತಾವು ಬರೆದದ್ದಕ್ಕೆ ಕೃತಜ್ಞ. ತಮ್ಮ ಅಮ್ಮನವರಿಗೆ ನಮ್ಮೆಲ್ಲರ ನಮಸ್ಕಾರಗಳನ್ನು ತಿಳಿಸಿ.

ಈ ಭಾನುವಾರ ಮಾವನವರೇ ‘ಮೊದಲನೇದು ಹಾಕು’ ಎಂದರು. ಈ ಸಲ ಮಗಳೂ ಇದ್ದಳು, ಅವಳಿಗೆ ಹತ್ತು ವರ್ಷ, ಎರಡರಲ್ಲಿ ಯಾವುದನ್ನೂ ನೋಡಿರಲಿಲ್ಲ. ಅಡಿಬರಹದ ಕೆಲಸದವರ ‘ಹೊರಗಿನವರು’ ಎಂಬ ಪದವನ್ನೇ ಬಳಸಿ ಇಬ್ಬರಿಗೂ ಹೇಳುತ್ತ ಹೋದೆ, ಚೆನ್ನಾಗಿ ಕೂಡಿಬಂತು. ಹೊಂದದ ಚರ್ಮದ ರೈತನನ್ನು ಕಂಡು ತಾತ ಮೊಮ್ಮಗಳು ಇಬ್ಬರೂ ಸೋಫಾ ಅಲುಗುವಂತೆ ನಕ್ಕರು. ಬೆಳ್ಳಿತೆರೆಯವರಿಗೆ ಈ ಗೆಲುವು ಸಲ್ಲಬೇಕು.

ಕೊನೆಗೆ ಕೆ ತನ್ನ ನೆನಪನ್ನು ಅಳಿಸಲು ಹೇಳಿ ಜೆಯ ಎದುರು ನಿಲ್ಲುವ ಘಟ್ಟ ಬಂತು. ನಾನು ಇಪ್ಪತ್ತು ಸಲವಾದರೂ ನೋಡಿರುವ ದೃಶ್ಯ ಅದು. ಮಿಂಚು ಹೊಳೆಯಿತು. ಮಗಳ ಕಣ್ಣು ತುಂಬಿಕೊಂಡವು, ‘ಅವನಿಗೆ ಇನ್ನು ಯಾರೂ ಗೊತ್ತಿರಲ್ವಾ?’ ಎಂದಳು. ನಾನು ಉತ್ತರ ಹುಡುಕುತ್ತಿರುವಾಗಲೇ ಮಾವನವರು ಅವಳ ತಲೆಯ ಮೇಲೆ ಕೈಯಿಟ್ಟು ಹೇಳಿದರು:

‘ಅಳಬೇಡ ಪುಟ್ಟಿ. ಅವನು ಅಂಚೆ ಕಚೇರೀಲಿ ಇರ್ತಾನೆ. ಈ ಹುಡುಗ ಹೋಗಿ ಕರ್ಕೊಂಡು ಬರ್ತಾನೆ.’